ಬಿರುಗಾಳಿ ಬರುವ ಮೊದಲೇ ಹಾಯಿ ಚಿಕ್ಕದು ಮಾಡುವುದು ಯಾಕೆ? ಪೂರ್ತಿ ಹಾಯಿ ಬಿಚ್ಚಿ ಬೇಗ ದಡ ಸೇರಬಹುದಲ್ವಾ?

ಆಗಲ್ಲ, ದೋಣಿ ವಾಲಿಬಿಡುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆ ಜಾಸ್ತಿ ಬಲ ದೋಣಿಯನ್ನು ಮುಂದೆ ತಳ್ಳುವುದಕ್ಕಿಂತ ಪಕ್ಕಕ್ಕೆ ಕೆಡವಲು ನೋಡುತ್ತದೆ. ತೀರಾ ವಾಲಿದರೆ ಚುಕ್ಕಾಣಿಯೂ ಮಾತು ಕೇಳಲ್ಲ. ಅದಕ್ಕೇ ಹಾಯಿಯ ಕೆಳಭಾಗ ಮಡಚಿ ಕಟ್ಟುತ್ತಾರೆ.

ಮೊದಲೇ ಯಾಕೆ? ಏಪ್ರಿಲ್-ಮೇನಲ್ಲಿ ನಮ್ಮ ಬಾಗಲಕೋಟೆ ಕಡೆ ಮಳೆಗೆ ಮುಂಚೆ ತಗಡು ಹಾರಿಸುವ ಗಾಳಿ ಬರುತ್ತದಲ್ಲ, ಸಮುದ್ರದಲ್ಲೂ ಅಂಥದ್ದೇ. ಗುಡುಗು ಮೋಡದಿಂದ ತಣ್ಣನೆ ಗಾಳಿ ರಪ್ಪನೆ ಕೆಳಗಿಳಿದು, ಸುತ್ತಲೂ ಹರಡಿ, ಮಳೆಗಿಂತ ಮುಂದೆ ಓಡುತ್ತದೆ. ಅದು ತಾಗಿದ ಮೇಲೆ ಬಿಗಿದ ಹಾಯಿ ಇಳಿಸುವುದು ಬಲು ಕಷ್ಟ. ಇನ್ನು ದಡ? ಗಾಳಿ ಅದೇ ದಿಕ್ಕಿಗೆ ಬೀಸುತ್ತಿದ್ದರೆ ದೋಣಿ ಬಂಡೆಗೆ ಬಡಿಯಬಹುದು. ಅಂಥ ಹೊತ್ತಲ್ಲಿ ದೂರ ಸಮುದ್ರವೇ ವಾಸಿ.