ವಿಶ್ವ ಇಡ್ಲಿ ದಿನದಂಥ ವಿಶೇಷ ದಿನಗಳನ್ನು ಮಂಗಳೂರಿನಲ್ಲಿ ನೆರೆಹೊರೆಯವರ ಜೊತೆ ಆಚರಿಸುವುದು ಹೇಗೆ?

ಆಚರಿಸಿ, ಖಂಡಿತ. ಆದರೆ ನಮ್ಮ ಊರಿನ ರೀತಿಯಲ್ಲಿ.

ಮಾರ್ಚ್ 30 ಇಡ್ಲಿ ದಿನ. 2015ರಲ್ಲಿ ಚೆನ್ನೈನಲ್ಲಿ ಶುರುವಾಯಿತು. ಅವತ್ತು ಹೋಟೆಲಿಂದ ಇಡ್ಲಿ ತರಿಸಿದರೆ ಏನು ಖುಷಿ? ಎಲೆಯಲ್ಲಿ ಹಿಟ್ಟು ತುಂಬಿ ಬೇಯಿಸುವ ಮೂಡೆ, ಕೊಟ್ಟೆ ಕಡುಬು ಮಾಡಿ. ಹಿಟ್ಟು ಅದೇ ಉದ್ದು, ಅಕ್ಕಿಯದ್ದು. ಎಲೆಯ ಪರಿಮಳ ಮಾತ್ರ ಬೇರೆಯೇ. ಕೊಟ್ಟೆಗೆ ನಾಲ್ಕು ಹಲಸಿನ ಎಲೆ ಸೇರಿಸಿ, ತೆಂಗಿನ ಗರಿಯ ಕಡ್ಡಿ ಚುಚ್ಚಿದರೆ ಸಾಕು, ಮಕ್ಕಳಿಗೂ ಬರುತ್ತದೆ. ಮೂಡೆ ಕಷ್ಟ. ಕೇದಗೆ ಜಾತಿಯ ಮುಂಡುಗದ ಎಲೆಯ ಮುಳ್ಳು ತೆಗೆದು, ಬೆಂಕಿಯಲ್ಲಿ ಬಾಡಿಸಿ, ಕೊಳವೆಯಂತೆ ಸುತ್ತಬೇಕು. ಇದನ್ನು ಬಲ್ಲ ಅಜ್ಜಿಯೊಬ್ಬರು ನಿಮ್ಮ ವಠಾರದಲ್ಲಿ ಇರುತ್ತಾರೆ. ಅವರನ್ನೇ ಕರೆಯಿರಿ. ನಮ್ಮಲ್ಲಿ ಹಾಗೆ ಕಲಿತ ಮೇಲೆ, ಅದುವರೆಗೆ ಸುಮ್ನೆ ನಕ್ಕು ಹೋಗುತ್ತಿದ್ದವರು ಈಗ ಮನೆಗೆ ಬಂದು ಕೂತು ಮಾತಾಡುತ್ತಾರೆ. ನನಗೆ ಅದೇ ಜಾಸ್ತಿ ಇಷ್ಟ.

ಸೆಪ್ಟೆಂಬರ್ 2 ವಿಶ್ವ ತೆಂಗು ದಿನ. ಆಗ ತೆಂಗಿನ ಗರಿ ಹೆಣೆಯುವುದನ್ನು ಕಲಿಯಬಹುದು. ಆರು ದಿನ ಬಿಟ್ಟರೆ, ಸೆಪ್ಟೆಂಬರ್ 8ಕ್ಕೆ, ಕೊಂಕಣಿ ಕ್ರೈಸ್ತರ ಮೊಂತಿ ಫೆಸ್ತ್. ಹೊಸ ತೆನೆಯ ಹಬ್ಬ. ಪಕ್ಕದ ಮನೆಯವರು ಕರೆದರೆ ತಪ್ಪಿಸಬೇಡಿ.