636.089 ಎಲ್ಲಿ ಹುಡುಕಬೇಕು?

ವರ್ಗಸಂಖ್ಯೆ (ಬೆನ್ನಿನ ಚೀಟಿಯಲ್ಲಿರುವ ವಿಷಯದ ಸಂಖ್ಯೆ) 636.089 ಇರುವ ಪುಸ್ತಕ ಲಭ್ಯವಿದೆ ಎಂದು ಗ್ರಂಥಾಲಯದ ಕ್ಯಾಟಲಾಗ್ ತೋರಿಸುತ್ತಿದೆ, ಕಪಾಟಿನಲ್ಲಿ 636.8ರ ನಂತರ ನೋಡಿದರೆ ಇಲ್ಲ ಎಂದಿದ್ದೀರಿ. ಪುಸ್ತಕ ಕಳೆದಿಲ್ಲ, ನೀವು ಮುಂದೆ ಹೋಗಿಬಿಟ್ಟಿದ್ದೀರಿ. ಚುಕ್ಕೆಯ ನಂತರದ್ದನ್ನು ಎಂಬತ್ತೊಂಬತ್ತು ಎಂದು ಓದಬೇಡಿ. ಸೊನ್ನೆ, ಎಂಟು, ಒಂಬತ್ತು ಎಂದು ಒಂದೊಂದೇ ಅಂಕಿ ಹೋಲಿಸಿ. ಸೊನ್ನೆ ಒಂದಕ್ಕಿಂತ ಚಿಕ್ಕದು, ಹಾಗಾಗಿ ಪಶುವೈದ್ಯದ 636.089 ಕುದುರೆಗಳ 636.1ಕ್ಕೂ ಮೊದಲೇ ಕೂರುತ್ತದೆ. ನಾಯಿ 636.7, ಬೆಕ್ಕು 636.8 ಇನ್ನೂ ಆಚೆ. ಬರೀ 636 ಇದ್ದರೆ ಎಲ್ಲಕ್ಕೂ ಮೊದಲು.

ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಈ ಡ್ಯೂಯಿ ಪದ್ಧತಿಯಲ್ಲಿ ಪ್ರತಿ ಅಂಕಿಯೂ ವಿಷಯವನ್ನು ಕಿರಿದಾಗಿಸುತ್ತದೆ: 600 ತಂತ್ರಜ್ಞಾನ, 630 ಕೃಷಿ, 636 ಪಶುಪಾಲನೆ. ಅಂಕಿ ಉದ್ದವಾದಷ್ಟೂ ವಿಷಯ ಸೂಕ್ಷ್ಮ, ದೊಡ್ಡ ಸಂಖ್ಯೆ ಅಂತಲ್ಲ.

ಬೆನ್ನಿನ ಚೀಟಿಯ ಎರಡನೇ ಸಾಲು ಸಾಮಾನ್ಯವಾಗಿ ಲೇಖಕರ ಗುರುತು. ವರ್ಗಸಂಖ್ಯೆ ಒಂದೇ ಆದಾಗ ಮಾತ್ರ ಅದನ್ನು ನೋಡಿ. ಅಕ್ಷರದ ಜೊತೆ ಅಂಕಿಯಿರುವ ಕಟರ್ ಗುರುತಾದರೆ ಅಲ್ಲೂ ದಶಮಾಂಶದ ಲೆಕ್ಕವೇ: ಕೆ125 ಮೊದಲು, ಕೆ13 ಆಮೇಲೆ. ಜೋಡಿಸುವವರೂ ಎಡವುವುದು ಹೆಚ್ಚಾಗಿ ಇಲ್ಲೇ.

ಸಂಖ್ಯೆಯ ಮೇಲೆ ಪರಾಮರ್ಶನ (ರೆಫರೆನ್ಸ್) ಎಂಬ ಗುರುತಿದ್ದರೆ ಈ ಸಾಲಿನಲ್ಲಿ ಹುಡುಕಿ ಪ್ರಯೋಜನವಿಲ್ಲ, ಆ ಕಪಾಟು ಬೇರೆ. ಅಲ್ಲೂ ಸಿಗದಿದ್ದರೆ ಈಗಷ್ಟೇ ಹಿಂದಿರುಗಿದ ಪುಸ್ತಕಗಳ ಗಾಡಿ ನೋಡಿ. ವಾಪಸು ಪಡೆದ ತಕ್ಷಣ ಕ್ಯಾಟಲಾಗ್ ‘ಲಭ್ಯ’ ಅನ್ನುತ್ತದೆ, ಕಪಾಟಿಗೆ ಸೇರಲು ಹೊತ್ತು ಬೇಕು.