6 ವರ್ಷದ ಮಗನ ಓದಿನ ಬಗ್ಗೆ ಶಿಕ್ಷಕಿಯ ಆತಂಕ: ಪ್ರತಿಕ್ರಿಯೆ

6 ವರ್ಷದ ಮಗ ಓದಿನಲ್ಲಿ ಹಿಂದಿದ್ದಾನೆ, ತರಗತಿಯಲ್ಲಿ ಗಮನ ಕೊಡುವುದಿಲ್ಲ ಎಂದು ಶಿಕ್ಷಕಿ ಹೇಳಿದ್ದಾರೆ, ಮನೆಯಲ್ಲಿ ಪಾಠ ಹೆಚ್ಚಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಹೆಚ್ಚಿಸಬೇಡಿ. ‘ಗಮನವಿಲ್ಲ’ ಎಂಬ ಮಾತಿನೊಳಗೆ ಬೇರೆ ಬೇರೆ ತೊಂದರೆಗಳು ಅಡಗಿರಬಹುದು. ಆದ್ದರಿಂದ ಶಿಕ್ಷಕಿಯನ್ನು ಬಿಡುವಿನಲ್ಲಿ ಭೇಟಿಯಾಗಿ, ದಿನದ ಯಾವ ಹೊತ್ತಿನಲ್ಲಿ, ಯಾವ ಕೆಲಸದಲ್ಲಿ ಹಾಗಾಗುತ್ತದೆ, ಬಾಯಲ್ಲಿ ಹೇಳಿದ್ದನ್ನು ಮರೆಯುತ್ತಾನೋ ಅಥವಾ ಹಲಗೆಯ ಮೇಲಿನದನ್ನು ಬರೆದುಕೊಳ್ಳುವಾಗ ತಡವರಿಸುತ್ತಾನೋ ಎಂದು ಕೇಳಿ, ಅವನ ಪುಸ್ತಕಗಳನ್ನು ಅವರೊಂದಿಗೇ ತೆರೆದು ನೋಡಿ.

ಜೊತೆಗೇ ಕಿವಿ ಮತ್ತು ಕಣ್ಣಿನ ಪರೀಕ್ಷೆ ಮಾಡಿಸಿ. ನನ್ನ ಮಗಳ ಬಗ್ಗೆಯೂ ಇದೇ ದೂರು ಬಂದಾಗ ನಾನು ಅವಳನ್ನು ಗದರಿಸಿದ್ದೆ. ಕರೆದಾಗಲೆಲ್ಲ ಅವಳು ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ನನ್ನ ತುಟಿಗಳನ್ನೇ ನೋಡುತ್ತಿದ್ದುದು ವಾರಗಳ ಬಳಿಕವಷ್ಟೇ ಅರಿವಿಗೆ ಬಂತು, ಆ ಗದರಿಕೆ ಇಂದಿಗೂ ನನ್ನನ್ನು ಕಾಡುತ್ತದೆ. ನೆಗಡಿಯ ನಂತರ ಮಧ್ಯಕಿವಿಯಲ್ಲಿ ದ್ರವ ನಿಲ್ಲುವುದು ಎಳೆಯ ಮಕ್ಕಳಲ್ಲಿ ಸಾಮಾನ್ಯ. ನೋವೇ ಇಲ್ಲದಿರಬಹುದು, ಕೇಳಿಸುವಿಕೆ ದಿನದಿಂದ ದಿನಕ್ಕೆ ಏರುಪೇರಾಗುವುದರಿಂದ ‘ಬೇಕಾದಾಗ ಮಾತ್ರ ಕೇಳಿಸುತ್ತದೆ’ ಎಂದು ನಾವು ತಪ್ಪು ತಿಳಿಯುತ್ತೇವೆ.

ತರಗತಿಯಲ್ಲಿ ಅವನೇ ಕಿರಿಯನೇ ಎಂಬುದನ್ನೂ ಗಮನಿಸಿ, ಏಕೆಂದರೆ ಈ ವಯಸ್ಸಿನಲ್ಲಿ 10-11 ತಿಂಗಳ ಅಂತರ ಬಹಳ ದೊಡ್ಡದು. ಹಾಗೆಂದು ಶಿಕ್ಷಕಿಯ ಮಾತನ್ನು ತಳ್ಳಿಹಾಕಬೇಡಿ. ಒಂದೇ ವಯಸ್ಸಿನ ಅಷ್ಟೊಂದು ಮಕ್ಕಳನ್ನು ದಿನವೂ ಒಟ್ಟಿಗೆ ನೋಡುವವರು ಅವರು. ಒಂದೆರಡು ಗುರಿಗಳನ್ನು ಇಬ್ಬರೂ ಬರೆದಿಟ್ಟುಕೊಂಡು 6ರಿಂದ 8 ವಾರಗಳಲ್ಲಿ ಮತ್ತೆ ಭೇಟಿಯಾಗಿ. ಆಗಲೂ ಅಕ್ಷರವನ್ನು ಧ್ವನಿಗೆ ಹೊಂದಿಸಲು ಕಷ್ಟಪಡುತ್ತಿದ್ದರೆ, ಇನ್ನೂ ಕಾಯದೆ ಕಲಿಕಾ ತಜ್ಞರ ಮೌಲ್ಯಮಾಪನಕ್ಕೆ ಲಿಖಿತವಾಗಿ ಕೋರಿ. ಈ ಮಾತುಕತೆಗಳು ಮಗುವಿನ ಎದುರು ನಡೆಯದಿರಲಿ.